ಅಕ್ಷರವಿಲ್ಲದ ಬೂಚು

ನನಗೆ ಆಗ ನಲವತ್ತಮೂರು ವರ್ಷ. ಅದಾಗಿ ಈಗ ಇಪ್ಪತ್ತೇಳು ವರ್ಷ ಕಳೆಯಿತು. ಕತಾರಿನ ದೋಹಾದಲ್ಲಿ ಒಂದು ಇಂಗ್ಲಿಷರ ಮನೆಯಲ್ಲಿ ಅಡುಗೆಗಿದ್ದೆ. ನಾನು ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಶಾಲೆಗೆ ಹೋದವಳು. ಇಲ್ಲಿ ಒತ್ತಕ್ಷರ ತಪ್ಪಿದ್ದಲ್ಲಿ ಮಗಳು ತಿದ್ದಿದ್ದಾಳೆ, ಮಾತು ತಿದ್ದಲು ಬಿಟ್ಟಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಈಗಲೂ ಗಲ್ಫಿಗೆ ಮನೆಗೆಲಸಕ್ಕೆ ಹೋಗುತ್ತಾರೆ. ಏಜೆಂಟ್ ಅವರಿಗೆ ಹೇಳುವುದು ಸಂಬಳ ಒಂದನ್ನೇ. ಉಳಿದದ್ದನ್ನು ಹೋಗಿ ಬಂದವರು ಹೇಳಬೇಕು.

ಮೊದಲು ತಿಳಿಯಬೇಕಾದ್ದು ಅಖಾಮಾ ವಿಷಯ. ಅಲ್ಲಿ ಇರಲಿಕ್ಕೆ ಕೊಡುವ ಆ ಪರವಾನಗಿ ಮನೆಯ ಯಜಮಾನನ ಹೆಸರಿನ ಮೇಲೆ ಇರುತ್ತದೆ. ಅವನು ದೇಶ ಬಿಟ್ಟರೆ ನೀವೂ ಬಿಡಬೇಕು. ಬಿಡಬಾರದು ಎಂದಿದ್ದರೆ ಬೇರೆ ಮನೆ ಹುಡುಕಿಕೊಳ್ಳಬೇಕು, ಅವನು ರಿಲೀಸ್, ಎಂದರೆ ಬಿಟ್ಟುಕೊಟ್ಟಿದ್ದೇನೆ ಎಂಬ ಕಾಗದ, ಬರೆದುಕೊಡಬೇಕು. ಹಾಗಾಗಿ ಯಜಮಾನ ಮುಂದೇನು ಮಾಡಬೇಕೆಂದಿದ್ದಾನೆ ಎಂದು ಅಡುಗೆಯವಳು ಯಾವಾಗಲೂ ಒಂದು ಕಿವಿ ಕೊಟ್ಟಿರಬೇಕು. ಚಾಡಿಗಾಗಿ ಅಲ್ಲ, ಹೊಟ್ಟೆಪಾಡಿಗಾಗಿ.

ನನ್ನ ಮೊದಲ ಮನೆ ದೋಹಾದ ಹೊರಗೆ ಮುಐದರಿನಲ್ಲಿತ್ತು. ನಮ್ಮ ಕರಾವಳಿಯವರೇ, ಅಂಗಡಿ ವ್ಯಾಪಾರದವರು. ಊಟಕ್ಕೆ ಕಡಿಮೆ ಮಾಡಲಿಲ್ಲ, ಕೈ ಎತ್ತಲಿಲ್ಲ. ಆದರೆ ಮನೆಯೊಡತಿಗೆ ಒಂದು ಚಾಳಿ ಇತ್ತು. ನೆಂಟರು ಬಂದರೆ ನನ್ನನ್ನು ಹಿಂದಿನ ಕೋಣೆಗೆ ಕಳಿಸಿ, ನಾನು ಮಾಡಿದ ಕೋರಿರೊಟ್ಟಿಯನ್ನು ತಾನೇ ಮಾಡಿದ್ದು ಎಂದು ಬಡಿಸುತ್ತಿದ್ದಳು.

“ಮಸಾಲೆ ನಾನೇ ಹುರಿದದ್ದು ಅಕ್ಕಾ. ಕೆಲಸದವರಿಗೆ ಇದೆಲ್ಲ ಎಲ್ಲಿ ಬರ್ತದೆ?”

ಗೋಡೆಯ ಈಚೆ ಕೂತು ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಸಂಬಳ ತಡಮಾಡಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಒಂದು ದಿನ ಉಳ್ಳಾಲದ ಹಮೀದಾಕ ಅಂಗಡಿಗೆ ಬಂದಿದ್ದಾಗ ಬೇರೆ ಮನೆ ನೋಡಿಕೊಡಿ ಎಂದೆ. ಅವರು ಒಂದು ಗ್ಯಾಸ್ ಕಂಪನಿಯ ಇಂಗ್ಲಿಷ್ ಇಂಜಿನಿಯರರ ಗಾಡಿ ಓಡಿಸುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಕ್ರಿಸ್ತಾಂವ್ ಹೆಂಗಸಾದ್ದರಿಂದ ಊರಿನ ರೂಢಿಯಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು, ಅವರು ಮುಸ್ಲಿಮರಾದ್ದರಿಂದ ನಾನು ಬ್ಯಾರಿಗಳೇ ಎನ್ನುತ್ತಿದ್ದೆ.

“ನಮ್ಮ ಸಾಹೇಬನ ಮನೆಗೇ ಬನ್ನಿ ಬಾಯಮ್ಮ. ಒಳ್ಳೆ ಮನುಷ್ಯ. ಸ್ವಲ್ಪ ಮರ್ಲ್ ಉಂಟು, ಅಷ್ಟೆ.”

“ಎಂತ ಮರ್ಲ್?”

“ದ್ರಾಕ್ಷಿ ಮರ್ಲ್.”

ಹೀಗೆ ತೊಂಬತ್ತೆರಡರಲ್ಲಿ ಆ ಮನೆ ಸೇರಿದೆ. ವೆಸ್ಟ್ ಬೇ ಕಡೆ, ಹೊರದೇಶದವರ ಮನೆಗಳಿದ್ದ ಒಂದು ಕಾಂಪೌಂಡ್. ಆಗ ಅಲ್ಲಿ ಈಗಿನ ಹಾಗೆ ಗಾಜಿನ ಕಟ್ಟಡಗಳಿರಲಿಲ್ಲ, ಮರಳಿನ ನಡುವೆ ಒಂದೆರಡು ಹೋಟೆಲು. ಸರ್ ಹೆಸರು ಪೀಟರ್, ಮೇಡಂ ಹೆಸರು ಜೋನ್. ಮಕ್ಕಳಿರಲಿಲ್ಲ. ಮೊದಲ ದಿನ ನಾನು ಹಾಲು, ಸಕ್ಕರೆ, ಏಲಕ್ಕಿ ಹಾಕಿ ಕುದಿಸಿದ ಚಹಾ ಕೊಟ್ಟೆ. ಸರ್ ಪೂರ್ತಿ ಕುಡಿದು, “ಪಾಯಸ ಚೆನ್ನಾಗಿತ್ತು, ಇನ್ನು ಚಹಾ ಕೊಡು ಸೆವ್ರಿನ್” ಎಂದರು. ನಗಲಿಲ್ಲ, ಗದರಲೂ ಇಲ್ಲ. ಇಂಥವರ ಮನೆಯಲ್ಲಿ ಕೆಲಸ ಮಾಡಬಹುದು ಎಂದುಕೊಂಡೆ.

ಮರ್ಲ್ ಎಂದರೆ ಹುಚ್ಚು, ಅದು ಎಂಥದ್ದೆಂದು ಒಂದೇ ವಾರದಲ್ಲಿ ತಿಳಿಯಿತು. ಸರ್ ತಮ್ಮ ದೇಶದ ದಕ್ಷಿಣದಲ್ಲಿ, ಸುಣ್ಣದ ಕಲ್ಲಿನ ಒಂದು ಗುಡ್ಡದ ಇಳಿಜಾರು ಕೊಂಡಿದ್ದರು. ಅದರಲ್ಲಿ ದ್ರಾಕ್ಷಿ ನೆಟ್ಟಿದ್ದರು. ವೈನ್ ಮಾಡಿ ಮಾರುವುದು ಅವರ ಆಸೆ. ದೋಹಾದ ಸಂಬಳ ಎಲ್ಲ ಆ ಗುಡ್ಡಕ್ಕೇ. ಕಾಂಪೌಂಡಿನ ಇಂಗ್ಲಿಷರೆಲ್ಲ ಇದನ್ನು ಕೇಳಿ ಹೊಟ್ಟೆ ಹಿಡಿದು ನಗುತ್ತಿದ್ದರು. ವೈನ್ ಎಂದರೆ ಫ್ರಾನ್ಸ್, ಇಂಗ್ಲೆಂಡಿನಲ್ಲಿ ಮಳೆ ಬಿಟ್ಟು ಏನು ಬೆಳೆಯುತ್ತದೆ ಎಂದು ಅವರೇ ತಮ್ಮ ಊರನ್ನು ಹೀಯಾಳಿಸುವರು. ಈಗ ಆ ಕಡೆಯ ಗುಡ್ಡಗಳಲ್ಲೆಲ್ಲ ದ್ರಾಕ್ಷಿಯೇ ಅಂತೆ. ತೋಟ ನೋಡಲು ಬಸ್ಸಿನಲ್ಲಿ ಜನ ಬರುತ್ತಾರಂತೆ, ಫ್ರೆಂಚರೇ ಬಂದು ಅಲ್ಲಿ ಜಾಗ ಕೊಳ್ಳುತ್ತಾರಂತೆ. ಆಗ ಹೀಗೆಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ನಾನಂತೂ ನಂಬುತ್ತಿರಲಿಲ್ಲ.

ಯಾಕೆಂದರೆ ನಾನು ಅದನ್ನು ಕುಡಿದು ನೋಡಿದ್ದೆ. ಸೇರಿದ ವರ್ಷವೇ ಗುಡ್ಡದ ಎರಡು ಬಾಟಲಿ ಬಂತು. ಆ ದೇಶಕ್ಕೆ ಹೊರಗಿಂದ ಮದ್ಯ ತರುವ ಹಾಗಿಲ್ಲ, ಹೇಗೆ ಬಂತು ಎಂದು ನಾನು ಕೇಳಲಿಲ್ಲ. ಅಲ್ಲಿ ಮನೆಗೆಲಸದವಳು ಕೇಳಬಾರದ ಪ್ರಶ್ನೆಗಳು ಕೆಲವು ಉಂಟು, ಅದರಲ್ಲಿ ಇದೊಂದು. ಹಮೀದಾಕನದೂ ಹಾಗೆಯೇ. ಗಾಡಿಯಲ್ಲಿ ಬಾಟಲಿ ತರುವ ದಿನ ಅವರು ಏನೂ ಹೇಳದೆ ಕೀಲಿಕೈ ಮೇಜಿನ ಮೇಲಿಟ್ಟು ನಮಾಜಿಗೆ ಹೋಗುತ್ತಿದ್ದರು, ಸರ್ ಏನೂ ಕೇಳದೆ ತಾವೇ ಓಡಿಸುತ್ತಿದ್ದರು. ನಾನು ತಿಳಿದ ವೈನ್ ಎಂದರೆ ನಮ್ಮ ಮನೆಯಲ್ಲಿ ಕ್ರಿಸ್ಮಸಿಗೆ ಭರಣಿಯಲ್ಲಿ ಗೋಧಿ, ಸಕ್ಕರೆ, ಚಕ್ಕೆ ಹಾಕಿ ಇಡುವ ಕಪ್ಪು ದ್ರಾಕ್ಷಿಯದ್ದು. ಬೆಲ್ಲದ ನೀರಿನ ಹಾಗೆ ಸಿಹಿ. ಇದರ ಒಂದು ಗುಟುಕಿಗೆ ಹುಳಿಯಿಂದ ಹಲ್ಲು ಜುಮ್ಮೆಂದಿತು.

“ಹೇಗಿದೆ?” ಎಂದು ಸರ್ ಕೇಳಿದರು.

“ಸರ್, ಹಾಳಾಗಿದೆ. ವಿನೆಗರ್ ಆಗಿದೆ.”

ಮೇಡಂ ನಗಲು ಶುರುಮಾಡಿದವರು ಕುರ್ಚಿ ಹಿಡಿದುಕೊಂಡರು. ಹಾಳಾಗಿರಲಿಲ್ಲ, ಅದು ಇದ್ದದ್ದೇ ಹಾಗೆ. ಉಳಿದದ್ದನ್ನು ಏನು ಮಾಡಲಿ ಎಂದು ನಾನು ಕೇಳಿದಾಗ ಸರ್, ನಿನಗಿಷ್ಟ ಬಂದದ್ದು ಮಾಡು ಎಂದರು. ಮರುದಿನ ದನದ ಮಾಂಸಕ್ಕೆ ವಿನೆಗರಿನ ಬದಲು ಅದನ್ನೇ ಹೊಯ್ದೆ. ಊಟಕ್ಕೆ ಬಂದವರೆಲ್ಲ ಎರಡೆರಡು ಸಲ ಹಾಕಿಸಿಕೊಂಡರು. ಸರ್ ಎಲ್ಲರೆದುರು, “ನನ್ನ ತೋಟದಿಂದ ಆದ ಮೊದಲ ಉಪಕಾರ ಇದು. ಮಾಡಿದವಳು ಸೆವ್ರಿನ್” ಎಂದು ನನ್ನನ್ನು ಒಳಗಿಂದ ಕರೆದು ನಿಲ್ಲಿಸಿದರು. ಈ ಒಂದು ಮಾತಿಗೆ ನಾನು ಆ ಮನೆಯಲ್ಲಿ ಉಳಿದೆ ಎಂದರೂ ತಪ್ಪಲ್ಲ.

ಸರ್ ನೆಟ್ಟದ್ದು ಜರ್ಮನಿಯ ಕಡೆಯ ತಳಿ. ಚಳಿ ತಡೆಯುತ್ತದೆ, ಬೇಗ ಹಣ್ಣಾಗುತ್ತದೆ ಎಂದು ಆಗ ಅಲ್ಲಿ ಎಲ್ಲರೂ ಅದನ್ನೇ ನೆಡುತ್ತಿದ್ದರಂತೆ. ಆ ವರ್ಷ ರಜೆಗೆ ಹೋದವರು ಅದನ್ನೆಲ್ಲ ಕಿತ್ತು, ಫ್ರೆಂಚರು ನೊರೆ ಬರುವ ವೈನಿಗೆ ಬಳಸುವ ತಳಿ ನೆಟ್ಟು ಬಂದರು. ಮೇಡಂ ಎರಡು ದಿನ ಮಾತು ಬಿಟ್ಟರು. ಸರ್ ನನಗೆ ಅಡುಗೆಮನೆಯಲ್ಲಿ ನಿಂತು ವಿವರಿಸಿದರು, ಮೇಡಂ ಕೇಳುತ್ತಿರಲಿಲ್ಲವಲ್ಲ, ಇನ್ನು ಯಾರಿಗೆ ಹೇಳುವುದು. ನೊರೆಯ ವೈನಿಗೆ ದ್ರಾಕ್ಷಿ ಹುಳಿಯಾಗಿಯೇ ಇರಬೇಕು. ಬಾಟಲಿಯೊಳಗೆ ಎರಡನೇ ಸಲ ಹುದುಗು ಬರಿಸಿ, ಅದರ ಗಸಿಯ ಮೇಲೆಯೇ ವರ್ಷಗಟ್ಟಲೆ ಮಲಗಿಸಬೇಕು. ನಮ್ಮ ಚಳಿ ನಮ್ಮ ಶತ್ರು ಎಂದುಕೊಂಡಿದ್ದೆವು, ಅದೇ ನಮ್ಮ ಆಸ್ತಿ ಸೆವ್ರಿನ್ ಎಂದರು. ನಾನು ಈರುಳ್ಳಿ ಕೊಚ್ಚುತ್ತಾ ಹೂಂ ಎಂದೆ. ಬಳ್ಳಿ ಹಿಡಿಯಲು ಮೂರು ವರ್ಷ, ಬಾಟಲಿ ಮಲಗಲು ಮೂರು ವರ್ಷ. ಅಷ್ಟರಲ್ಲಿ ನನ್ನ ಮಗಳು ಶಾಲೆ ಮುಗಿಸುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದು.

ಇಲ್ಲಿ ನನ್ನ ಪಾಡು ಹೇಳಬೇಕು. ಗಂಡ ತೀರಿಹೋಗಿದ್ದ. ಮಗಳು ಜೆಸಿಂತಾ ನನ್ನ ಅಕ್ಕನ ಮನೆಯಲ್ಲಿದ್ದಳು, ನರ್ಸಿಂಗ್ ಓದುವ ಆಸೆ ಅವಳಿಗೆ. ನನಗೆ ಬೇಕಾದದ್ದು ಅವಳ ಕೋರ್ಸ್ ಮುಗಿಯುವವರೆಗೆ ದೋಹಾದ ಕೆಲಸ. ಆ ಗುಡ್ಡದಲ್ಲಿ ದ್ರಾಕ್ಷಿ ಕೈಗೂಡಿದರೆ ಸರ್ ಕೆಲಸ ಬಿಟ್ಟು ಮನೆಗೆ ಹೋಗುತ್ತಾರೆ, ನಾನೂ ಹೋಗಬೇಕು. ಕೈಗೂಡದಿದ್ದರೆ ಇಬ್ಬರೂ ಇರುತ್ತೇವೆ. ಒಳ್ಳೆಯ ಯಜಮಾನನಿಗೆ ಕೆಟ್ಟದ್ದು ಬಯಸುವ ಹಾಗಾಯಿತು ನನ್ನ ಸ್ಥಿತಿ.

ತೋಟವನ್ನು ಸರ್ ಅವರ ಅಕ್ಕ ನೋಡಿಕೊಳ್ಳುತ್ತಿದ್ದಳು. ಪ್ರತಿ ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಅವಳ ಫೋನ್. ನಾನು ಆ ಹೊತ್ತಿಗೆ ಪೂಜೆ ಮುಗಿಸಿ ಬಂದಿರುತ್ತಿದ್ದೆ. ಆಗ ಅಲ್ಲಿ ಚರ್ಚಿನ ಕಟ್ಟಡ ಇರಲಿಲ್ಲ, ಒಂದು ಹಾಲ್‌ನಲ್ಲಿ ಸದ್ದಿಲ್ಲದೆ ಪೂಜೆ ನಡೆಯುತ್ತಿತ್ತು. ಒಂದು ವರ್ಷ ಮೇ ತಿಂಗಳಲ್ಲಿ ಮಂಜು ಹೆಪ್ಪುಗಟ್ಟಿ ಚಿಗುರೆಲ್ಲ ಕರಟಿತು. ಇನ್ನೊಂದು ವರ್ಷ ಹಣ್ಣಾಗುವ ಹೊತ್ತಿಗೆ ಹಕ್ಕಿಗಳು ಬಂದು ಅರ್ಧ ಬೋಳಿಸಿದವು. ಫೋನ್ ಇಟ್ಟು ಸರ್ ಹಣೆ ಹಿಡಿದು ಕೂತರೆ ನಾನು ಚಹಾ ಮಾಡಿ ಮುಂದಿಡುತ್ತಿದ್ದೆ. ಒಳಗೆ ಬಂದು ಉಸಿರು ಬಿಡುತ್ತಿದ್ದೆ. ಹಮೀದಾಕನಿಗೆ ಎಲ್ಲ ಗೊತ್ತಿತ್ತು.

“ಎಂತ ಬಾಯಮ್ಮ, ಈ ಸಲ ಹಿಮ ಬಿತ್ತಾ?”

“ಬಿತ್ತಂತೆ.”

“ಹಾಗಾದ್ರೆ ನೀವು ಬಚಾವ್. ಆ ಹಕ್ಕಿಗಳಿಗೂ ಒಂದು ಮೇಣದಬತ್ತಿ ಹಚ್ಚಿ.”

“ನಿಮಗೆ ಸಾಹೇಬ ಹೋದ್ರೂ ಗಾಡಿ ಉಂಟು, ಕಂಪನಿ ಉಂಟು. ನಗ್ತೀರಿ.”

“ನಗದೆ ಎಂತ ಮಾಡುದು ಮಾರಾಯ್ರೆ. ಒಂದು ಮನೆ ನೋಡಿ ಇಟ್ಟಿದ್ದೇನೆ ನಿಮಗೆ. ಬೇಕಾದಾಗ ಹೇಳಿ.”

ಹಿಮ ಪ್ರತಿ ವರ್ಷ ಬೀಳಲಿಲ್ಲ. ತೊಂಬತ್ತೈದರಲ್ಲಿ ಬೆಳೆ ಚೆನ್ನಾಗಿ ಬಂತು. ಅದನ್ನು ಬಾಟಲಿಗೆ ಹಾಕಿ ಮಲಗಿಸಿದರು. ತೊಂಬತ್ತೆಂಟರ ಅಕ್ಟೋಬರಿನಲ್ಲಿ ಅದರ ಒಂದೇ ಒಂದು ಬಾಟಲಿ ದೋಹಾಕ್ಕೆ ಬಂತು. ಅಷ್ಟರಲ್ಲಿ ಜೆಸಿಂತಾ ಮಂಗಳೂರಿನಲ್ಲಿ ನರ್ಸಿಂಗ್ ಅರ್ಧ ಓದಿದ್ದಳು.

ಅದೇ ತಿಂಗಳು ಕಂಪನಿಯವರು ಸರ್ ಅವರ ಕಾಂಟ್ರಾಕ್ಟ್ ಮುಂದುವರಿಸಲು ಕೇಳಿದ್ದರು. ಮೇಡಂಗೆ ಸಾಕಾಗಿತ್ತು. ಅವರು ಕೆಟ್ಟವರಲ್ಲ, ಆದರೆ ಆರು ವರ್ಷ ಗುಡ್ಡಕ್ಕೆ ಮಣ್ಣು ಹೊತ್ತದ್ದು ಸಾಕು ಎಂದು ಅವರಿಗೆ ಅನಿಸಿದ್ದರೆ ತಪ್ಪೇನು. ಊಟದ ಮೇಜಿನಲ್ಲಿ ಒಂದು ಕರಾರು ಹಾಕಿದರು.

“ಆಂಡ್ರೆಯನ್ನು ಊಟಕ್ಕೆ ಕರಿ. ಎರಡು ಫ್ರೆಂಚ್ ಬಾಟಲಿ, ಒಂದು ನಿನ್ನದು. ಯಾವುದು ಯಾವುದೆಂದು ಗೊತ್ತಾಗದ ಹಾಗೆ ಕೊಡು. ನಿನ್ನದು ಯಾವುದೆಂದು ಅವನು ಹೇಳಿಬಿಟ್ಟರೆ ಗುಡ್ಡ ಮಾರೋಣ, ಇಲ್ಲೇ ಇರೋಣ. ಹೇಳಲಾಗದಿದ್ದರೆ ನಾನು ತುಟಿಪಿಟಕ್ಕೆನ್ನದೆ ನಿನ್ನ ಜೊತೆ ಬಂದು ದ್ರಾಕ್ಷಿ ಕೊಯ್ಯುತ್ತೇನೆ.”

ಆಂಡ್ರೆ ಎಂದರೆ ಸರ್ ಅವರ ಮೇಲಿನ ಸಾಹೇಬ, ಫ್ರೆಂಚ್ ಮನುಷ್ಯ. ಅವನ ಅಜ್ಜ ನೊರೆಯ ವೈನ್ ಮಾಡುವ ಊರಿನವನು. ಆರು ವರ್ಷವೂ ಬಂದಾಗಲೆಲ್ಲ, “ಪೀಟರ್, ನಿನ್ನ ಮಳೆನೀರಿಗೆ ನೊರೆ ಬಂತಾ?” ಎಂದು ಕೇಳುತ್ತಿದ್ದವನು. ಸರ್ ಒಪ್ಪಿದರು. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ನನ್ನ ಕೆಲಸ ಈಗ ಒಬ್ಬ ಫ್ರೆಂಚನ ನಾಲಗೆಯ ಮೇಲಿತ್ತು.

ಶುಕ್ರವಾರ ಬೆಳಿಗ್ಗೆ ಮೂರೂ ಬಾಟಲಿಯನ್ನು ಬಿಸಿನೀರಿನಲ್ಲಿ ನೆನೆಸಿ ಚೀಟಿ ಕಿತ್ತೆ. ಸರ್ ಕೊರಳಿನ ಬಣ್ಣದ ಕಾಗದವನ್ನೂ ಸುಲಿದರು. ಮೂರೂ ಹಸಿರು, ಮೂರೂ ಒಂದೇ ದಪ್ಪ. ಆಮೇಲೆ ಸರ್ ತಮ್ಮ ಕಾಲುಚೀಲ ತಂದು ಬಾಟಲಿಗಳಿಗೆ ತೊಡಿಸಿದರು, ಒಂದಕ್ಕೆ ನೀಲಿ, ಒಂದಕ್ಕೆ ಕಪ್ಪು, ಒಂದಕ್ಕೆ ಕಂದು. ಮೂರನ್ನೂ ಫ್ರಿಜ್ಜಿನಲ್ಲಿಟ್ಟರು. ಬಾಟಲಿ ಮುಚ್ಚಲಿಕ್ಕೆ ಎಂದು ನಾನು ತಿಳಿದೆ. ತಮ್ಮದಕ್ಕೆ ನೀಲಿ ಎಂದು ಅವರು ಮನಸ್ಸಿನಲ್ಲಿ ಗುರುತು ಇಟ್ಟುಕೊಂಡದ್ದು ನನಗೆ ಗೊತ್ತಿರಲಿಲ್ಲ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಕ್ಟೋಬರಿನಲ್ಲಿ ದೋಹಾದ ಗಾಳಿಯಲ್ಲಿ ನೀರು ತುಂಬಿರುತ್ತದೆ. ಸಂಜೆ ಬಾಟಲಿ ಹೊರಗೆ ತೆಗೆದು ಇಟ್ಟ ಸ್ವಲ್ಪ ಹೊತ್ತಿಗೆ ಬೆವರು ಹರಿದು ಕಾಲುಚೀಲ ತೊಯ್ದು ತೊಟ್ಟಿಕ್ಕಿದವು. ಒದ್ದೆ ಬಟ್ಟೆಯನ್ನು ನಾನು ಯಾರ ಮನೆಯ ಊಟದ ಮೇಜಿನ ಮೇಲೂ ಇಟ್ಟವಳಲ್ಲ. ಮೂರನ್ನೂ ಬಿಚ್ಚಿ ಬಕೆಟಿಗೆ ಹಾಕಿದೆ. ಒಳಗೆ ಹೋಗಿ ಅವುಗಳ ಜೋಡಿಯ ಒಣ ಕಾಲುಚೀಲಗಳನ್ನು ತಂದು, ಬಾಟಲಿ ಒರೆಸಿ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ತೊಡಿಸಿದೆ. ಹೊರಗಿಂದ ನೋಡಿದರೆ ಅದೇ ನೀಲಿ, ಅದೇ ಕಪ್ಪು, ಅದೇ ಕಂದು.

ಬೂಚು ತೆಗೆಯುವುದೂ ನನ್ನ ಕೆಲಸವೇ. ಬೂಚು ಹಿಡಿದು ಬಾಟಲಿಯನ್ನು ತಿರುಗಿಸಬೇಕು, ಢಂ ಎನ್ನಬಾರದು, ಉಸಿರು ಬಿಟ್ಟ ಹಾಗೆ ಬರಬೇಕು ಎಂದು ಸರ್ ಕಲಿಸಿದ್ದರು. ಪಾತ್ರೆಯ ಮುಚ್ಚಳವನ್ನು ಪಾತ್ರೆಯ ಜೊತೆಗೇ ಇಡುವುದು ನನ್ನ ರೂಢಿ. ಹಾಗೆ ಒಂದೊಂದರ ಬೂಚನ್ನು ಅದರದರ ಕಾಲುಚೀಲದೊಳಗೇ ಸಿಕ್ಕಿಸಿದೆ. ಎರಡರ ಮೇಲೆ ಅಕ್ಷರ ಸುಟ್ಟಿದ್ದರು. ಒಂದು ಬೋಳಾಗಿತ್ತು, ಬರಹ ಇರಲಿಲ್ಲ. ಅದು ಕಂದು ಚೀಲಕ್ಕೆ ಹೋಯಿತು. ಆಗ ಇದರ ಮೇಲೆ ನನಗೆ ಯಾವ ಯೋಚನೆಯೂ ಬರಲಿಲ್ಲ, ಒಲೆಯ ಮೇಲೆ ಮೀನು ಇತ್ತು.

ಮೇಜಿನಲ್ಲಿ ಮೂವರೇ. ಸರ್ ಲೋಟ ಹಿಡಿದಿದ್ದರು, ಕುಡಿಯಲಿಲ್ಲ. ಆಂಡ್ರೆ ಸಾಹೇಬ ಮೂರನ್ನೂ ಮೂಸಿ, ಬಾಯಲ್ಲಿ ತಿರುಗಿಸಿ, ಬ್ರೆಡ್ ತಿಂದು, ಮತ್ತೆ ಕುಡಿದ. ನಾನು ಗೋಡೆಗೆ ನಿಂತಿದ್ದೆ.

ನೀಲಿಯ ಕೊರಳಿಗೆ ಬೆರಳಿಟ್ಟು, “ಇದು ನಿನ್ನದು ಪೀಟರ್. ಕ್ಷಮಿಸು. ಕೆಟ್ಟದ್ದೇನಲ್ಲ, ಆದರೆ ತೆಳು. ಕಪ್ಪಿನದು ನಮ್ಮೂರಿನ ಅಂಗಡಿ ಮಾಲು” ಎಂದ. ಆಮೇಲೆ ಕಂದು ಚೀಲದ ಬಾಟಲಿಯನ್ನು ತನ್ನ ಕಡೆಗೆ ಎಳೆದುಕೊಂಡ. “ಇದು ಬೇರೆ. ನಮ್ಮ ಅಜ್ಜನ ಊರಿನದು. ಸುಣ್ಣದ ಕಲ್ಲಿನ ಮಣ್ಣು ಬಾಯಲ್ಲಿ ಸಿಗುತ್ತದೆ. ಎಲ್ಲಿಂದ ತಂದೆ ಇದನ್ನು?”

ಸರ್ ನೀಲಿ ಚೀಲವನ್ನೇ ನೋಡುತ್ತಿದ್ದರು. “ನೀಲಿ ನನ್ನದೇ” ಎಂದರು. ಮೇಡಂ ಅವರ ಕೈಯ ಮೇಲೆ ಕೈಯಿಟ್ಟು, “ಆಯಿತು ಪೀಟರ್. ಮುಗಿಯಿತು. ನಾಳೆ ಕಾಂಟ್ರಾಕ್ಟಿಗೆ ಸಹಿ ಹಾಕು” ಎಂದರು, ಮೆಲ್ಲಗೆ, ಗೆದ್ದವರ ಹಾಗಲ್ಲ.

ನೀಲಿ ಎಂಬುದು ಗುರುತು ಎಂದು ನನಗೆ ತಿಳಿದದ್ದು ಆ ಕ್ಷಣ. ಅಂಗಡಿ ಮಾಲಿನ ಬೂಚಿಗೆ ಹೆಸರು ಇರುತ್ತದೆ, ಇನ್ನೂ ಹೆಸರಿಲ್ಲದ ತೋಟದ ಬೋಳು ಬೂಚು ಎಲ್ಲಿದೆ ಎಂಬುದೂ ನೆನಪಾಯಿತು.

ಬಾಯಿ ಮುಚ್ಚಿಕೊಂಡು ತಟ್ಟೆ ಎತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೂಚುಗಳನ್ನು ಕಸಕ್ಕೆ ಹಾಕುವವಳೂ ನಾನೇ. ಗುಡ್ಡ ಮಾರುತ್ತಿದ್ದರು, ನಾನು ಉಳಿಯುತ್ತಿದ್ದೆ, ಜೆಸಿಂತಾ ನರ್ಸ್ ಆಗುತ್ತಿದ್ದಳು. ಇಷ್ಟೂ ನನ್ನ ತಲೆಯಲ್ಲಿ ಹಾದುಹೋಯಿತು, ಹೋಗಲಿಲ್ಲ ಎಂದರೆ ಸುಳ್ಳು. ಅಷ್ಟರಲ್ಲಿ ಆಂಡ್ರೆ ಸಾಹೇಬ ಕಂದು ಬಾಟಲಿಯಿಂದ ಇನ್ನಷ್ಟು ಸುರಿದುಕೊಳ್ಳುತ್ತಾ, “ಇಂಥದ್ದನ್ನು ಮಾಡಲು ನಮ್ಮವರೇ ಆಗಬೇಕು, ಇಂಗ್ಲಿಷರಿಗೆ ಇದೆಲ್ಲ ಎಲ್ಲಿ ಬರುತ್ತದೆ” ಎಂದ.

ಮುಐದರಿನ ಹಿಂದಿನ ಕೋಣೆಯಲ್ಲಿ ಕೂತು ಕೇಳಿದ ಮಾತೇ ಅದು. ಅವನು ಅದನ್ನು ಹೇಳದೆ ಇದ್ದಿದ್ದರೆ ನಾನು ಬಾಯಿ ತೆರೆಯುತ್ತಿದ್ದೆನೋ ಇಲ್ಲವೋ, ಖಂಡಿತ ಹೇಳಲಾರೆ.

“ಸರ್, ಸಾಕ್ಸ್ ಒದ್ದೆಯಾಗಿತ್ತು. ನಾನು ಬದಲು ಮಾಡಿದ್ದೇನೆ” ಎಂದೆ.

ಮೂವರೂ ನನ್ನ ಕಡೆ ತಿರುಗಿದರು.

“ಯಾವುದು ಯಾವುದಕ್ಕೆ ಎಂದು ನೋಡಿ ಹಾಕಿದ್ದಲ್ಲ. ಒಳಗೆ ಬೂಚು ಉಂಟು. ತೆಗೆದು ನೋಡಿ.”

ಸರ್ ನೀಲಿ ಚೀಲಕ್ಕೆ ಕೈ ಹಾಕಿದರು. ಬೂಚಿನ ಮೇಲೆ ಫ್ರೆಂಚ್ ಅಕ್ಷರ. ಕಪ್ಪಿನಲ್ಲಿಯೂ ಹಾಗೆಯೇ. ಕಂದು ಚೀಲ ಆಂಡ್ರೆ ಸಾಹೇಬನ ಕೈಯಲ್ಲಿತ್ತು, ಅವನೇ ತೆಗೆದ. ಹಿಂದೆ ಮುಂದೆ ತಿರುಗಿಸಿದ, ಬೆಳಕಿಗೆ ಹಿಡಿದ. ಏನೂ ಬರೆದಿರಲಿಲ್ಲ. ಆಮೇಲೆ ಅವನು ಬೂಚನ್ನು ಸರ್ ಮುಂದಿಟ್ಟು, ಲೋಟ ಚಾಚಿ, “ಇನ್ನೂ ಉಂಟಾ?” ಎಂದ. ಅಷ್ಟು ಮಾತ್ರ ಅವನದು ದೊಡ್ಡತನವೇ.

ಸರ್ ಅತ್ತರು. ಗಂಡಸರು ಅಳುವುದು ನನಗೆ ನೋಡಲಾಗದು, ಮೀನು ತರುತ್ತೇನೆಂದು ಒಳಗೆ ಹೋದೆ. ಮೇಡಂ ನನ್ನ ಹಿಂದೆಯೇ ಬಂದರು.

“ಸೆವ್ರಿನ್, ನೀನೇನು ಮಾಡಿದೆ ಗೊತ್ತಾ ನಿನಗೆ?”

“ಗೊತ್ತು ಮೇಡಂ.”

“ಕ್ರಿಸ್ಮಸಿಗೆ ನಾವು ಹೊರಟುಹೋಗುತ್ತೇವೆ.”

“ಗೊತ್ತು. ದ್ರಾಕ್ಷಿ ಕೊಯ್ಯುವಾಗ ಕೈಗೆ ಏನಾದರೂ ಹಾಕಿಕೊಳ್ಳಿ, ನಿಮ್ಮ ಚರ್ಮ ಮೆದು.”

ಅವರು ನಗಲು ಹೋಗಿ ನಗಲಿಲ್ಲ. ಮೀನಿನ ತಟ್ಟೆಯ ಒಂದು ತುದಿ ಅವರೇ ಹಿಡಿದರು.

ಮರುದಿನ ಬೆಳಿಗ್ಗೆ ಎದ್ದವಳೇ ಬಕೆಟಿನಲ್ಲಿದ್ದ ಕಾಲುಚೀಲ ಒಗೆದು ಒಣಹಾಕಿದೆ. ಫ್ರಿಜ್ಜಿನಲ್ಲಿ ಉಳಿದಿದ್ದ ಅಂಜಲ್ ಮೀನಿಗೆ ಮಸಾಲೆ ಅರೆದು ಸಾರು ಮಾಡಿ ಸ್ಟೀಲಿನ ಡಬ್ಬಿಗೆ ತುಂಬಿದೆ. ಸರ್‌ಗೆ ಚಹಾ ಕೊಟ್ಟು, ರಿಲೀಸ್ ಬರೆದುಕೊಡಿ ಎಂದೆ. ಅವರು ಚಹಾ ಕುಡಿಯುವ ಮೊದಲು ಬರೆದರು. ಹೊರಗೆ ಹಮೀದಾಕ ಗಾಡಿ ಒರೆಸುತ್ತಿದ್ದರು.

“ಬ್ಯಾರಿಗಳೇ, ಮನೆ ನೋಡಿ ಇಟ್ಟಿದ್ದೇನೆ ಅಂದಿದ್ದಿರಲ್ಲ. ಅದು ಈಗಲೂ ಉಂಟಾ?”

“ಅಲ್ ಥುಮಾಮಾದಲ್ಲಿ. ಉಡುಪಿ ಕಡೆಯ ಡಾಕ್ಟರು. ಮೊನ್ನೆಯೂ ಕೇಳಿದ್ರು.” ಡಬ್ಬಿ ನೋಡಿದರು. “ಎಲ್ಲ ಕೇಳಿದೆ ಬಾಯಮ್ಮ. ಸಾಹೇಬ ಬೆಳಿಗ್ಗೆಯೇ ಹೇಳಿದ್ರು. ನಿಮಗೂ ಮರ್ಲ್ ಹಿಡೀತಾ?”

“ಹಿಡೀತು. ಖಲಾಸ್. ಗಾಡಿ ಬಿಡಿ, ಸಾರು ತಣೀತದೆ.”

ಡಾಕ್ಟರರ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಎಷ್ಟು ವರ್ಷ ಅನುಭವ, ಏನೇನು ಬರುತ್ತದೆ ಎಂದು ಕೇಳಲು ಶುರುಮಾಡಿದರು. ನಾನು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ. ಅವರು ಒಳಗಿಂದ ಚಮಚ ತಂದು ನೆಕ್ಕಿದರು. ಇನ್ನೊಂದು ಚಮಚ ತೆಗೆದುಕೊಂಡರು.

“ಇದು ಯಾರು ಮಾಡಿದ್ದು?”

“ನಾನು” ಎಂದೆ.